ಹಳೆಯ ಪಿಕಪ್ಪು, ಹೊಸ ಯಜಮಾನ

ಬೇಸಾಯದ ಮನೆಯಲ್ಲಿ ಮಗ ಪ್ರಾಯಕ್ಕೆ ಬಂದನೆಂದರೆ ಹಿಂದೆ ಅವನ ಪಾಲಿಗೊಂದು ಜೊತೆ ಎತ್ತು ಕೊಡಿಸುವ ವಾಡಿಕೆಯಿತ್ತು. ದೊಡ್ಡಬಳ್ಳಾಪುರದ ಸಮೀಪದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತಂದೆ ಮಕ್ಕಳು ಕೂಡಿ ಹೋಗುವರು. ಹಲ್ಲು ಎಣಿಸಿ, ಸುಳಿ ನೋಡಿ, ಗೊರಸು ಎತ್ತಿ ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ ಊರ ದಾರಿ ಹಿಡಿಯುವರು. ಎತ್ತಿನ ಆ ಸ್ಥಾನಕ್ಕೆ ಈಗ ಅನೇಕ ಮನೆಗಳಲ್ಲಿ ಪಿಕಪ್ಪು ಬಂದು ನಿಂತಿದೆ. ಕೋಲಾರದ ಟೊಮೇಟೊ, ಮಂಡ್ಯದ ಬೆಲ್ಲ, ಮಲೆನಾಡಿನ ಅಡಿಕೆ, ಎಲ್ಲವೂ ಅದರ ಬೆನ್ನೇರಿಯೇ ಪೇಟೆಗೆ ಹೊರಡುತ್ತವೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಹತ್ತು ಹನ್ನೆರಡು ವರ್ಷ ಒಬ್ಬನ ಕೈಯಲ್ಲಿ ದುಡಿದು ಬಳಲಿದ ಗಾಡಿ, ಇನ್ನೊಬ್ಬನ ಜೀವನದ ಮೊದಲ ವಾಹನವಾಗಿ ಎರಡನೆಯ ಜನ್ಮ ಪಡೆಯುತ್ತದೆ. ವಿಚಿತ್ರವೆಂದರೆ, ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದ ಮನೆತನವೇ ಗಾಡಿ ಕೊಳ್ಳುವಾಗ ಬಣ್ಣ ನೋಡಿ ಸೋಲುತ್ತದೆ!

ಪಿಕಪ್ಪಿನ ವಂಶಾವಳಿಯೂ ಸ್ವಾರಸ್ಯವಾದುದು. ಅಮೆರಿಕದ ರೈತರು ತಮ್ಮ ಟಿ ಮಾದರಿಯ ಫೋರ್ಡ್ ಕಾರುಗಳ ಹಿಂಬದಿಯನ್ನು ಕತ್ತರಿಸಿ, ಅಲ್ಲಿ ಹಲಗೆಯ ಪೆಟ್ಟಿಗೆ ಕೂಡಿಸಿ, ಸಂತೆಗೆ ಸರಕು ಸಾಗಿಸುತ್ತಿದ್ದರು. ಇದನ್ನು ಕಂಡ ಕಂಪನಿ ೧೯೨೫ರಲ್ಲಿ ಆ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ೨೮೧ ಡಾಲರಿಗೆ ಮಾರಿತು. ಎಂದ ಮೇಲೆ ಮಾರ್ಪಾಡೆಂಬುದು ಪಿಕಪ್ಪಿಗೆ ಅಂಟಿದ ರೋಗವಲ್ಲ, ಹುಟ್ಟುಗುಣ. ನಮ್ಮ ದೇಶದಲ್ಲಿ ಮಹೀಂದ್ರದವರು ಸ್ವಾತಂತ್ರ್ಯದ ಸುಮಾರಿಗೆ ಜೀಪನ್ನು ತಂದರು. ೧೯೮೮ರಲ್ಲಿ ಟಾಟಾದವರ ಪಿಕಪ್ಪು ರಸ್ತೆಗಿಳಿಯಿತು. ೨೦೦೦ದಲ್ಲಿ ಬಂದ ಬೊಲೆರೊ ಹೆಸರಿನಲ್ಲಿ ಮುಂದೆ ಪಿಕಪ್ಪುಗಳೂ ಹೊರಟವು. ೨೦೦೫ರ ಪುಟ್ಟ ಏಸ್ ಗಾಡಿಯಂತೂ ಸಂದುಗೊಂದಿಗಳನ್ನೆಲ್ಲ ಹೊಕ್ಕಿತು. ಇಂದು ಹಳೆಯ ಗಾಡಿಗಳ ಅಂಗಳದಲ್ಲಿ ಸಾಲಾಗಿ ನಿಂತಿರುವುದು ಹೆಚ್ಚಾಗಿ ಇವುಗಳ ಸಂತಾನವೇ.

ಗಾಡಿ ಮನೆಗೆ ಬಂದಿತೆನ್ನೋಣ. ತಾಯಿಯ ಬಳೆ ಅಡವಿಟ್ಟ ಹಣವೋ, ಸಹಕಾರ ಸಂಘದ ಸಾಲವೋ, ಮುಂಗಡಕ್ಕೆ ಸಂದಾಯವಾಗಿರುತ್ತದೆ. ಕೈಯಲ್ಲಿ ಇನ್ನೊಂದಿಷ್ಟು ಹಣ ಉಳಿದಿರುತ್ತದೆ. ಆ ಉಳಿದ ಹಣ ಎಲ್ಲಿಗೆ ಹೋಗುತ್ತದೆಂಬುದರ ಮೇಲೆಯೇ ಮುಂದಿನ ಕತೆಯೆಲ್ಲ ನಿಂತಿದೆ. ಹತ್ತರಲ್ಲಿ ಎಂಟು ಸಲ ಅದು ಹೋಗುವುದು ಬಣ್ಣದವನ ಬಳಿಗೆ. ಮೂತಿಗೊಂದು ಉಕ್ಕಿನ ಕಟಕಟೆ, ತಲೆಯ ಮೇಲೆ ನಾಲ್ಕು ಉರಿದೀಪ, ಕಿವಿ ಕಿವುಡಾಗಿಸುವ ಹಾರನ್ನು, ಬೆನ್ನ ಮೇಲೆ ‘ತಾಯಿಯ ಆಶೀರ್ವಾದ’ ಎಂಬ ಬರಹ. ಆಶೀರ್ವಾದ ಇರಲಿ, ಬೇಡವೆನ್ನುವವರಾರು? ಆದರೆ ಚಕ್ರದೊಳಗಿನ ಬ್ರೇಕಿನ ಲೈನಿಂಗು ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರುವಾಗ ಮೈಗೆ ಬಣ್ಣ ಬಳಿಸುವುದು ‘ಮೇಲೆ ಬಸಪ್ಪ, ಒಳಗೆ ವಿಷಪ್ಪ’ ಎಂಬ ಗಾದೆಗೆ ಉದಾಹರಣೆಯಾದೀತು.

ಕೊಳ್ಳುವ ಮುನ್ನವೇ ನೋಡಬೇಕಾದ ಹಲ್ಲು ಸುಳಿಗಳು ಗಾಡಿಗೂ ಉಂಟು. ಮೊದಲನೆಯದಾಗಿ, ಎಂಜಿನ್ನು ತಣ್ಣಗಿರುವಾಗ ಹೋಗಿ ನೋಡಬೇಕು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿ ಇಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಬಿಸಿ ಎಂಜಿನ್ನು ತನ್ನ ದೋಷಗಳನ್ನು ಮುಚ್ಚಿಕೊಳ್ಳುತ್ತದೆ. ಹೊಗೆಯ ಬಣ್ಣವೂ ಮಾತನಾಡುತ್ತದೆ. ಎಡೆಬಿಡದೆ ಕಪ್ಪು ಹೊಗೆ ಬಂದರೆ ಡೀಸೆಲ್ಲು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಗಾಳಿಯ ಫಿಲ್ಟರು ಕಟ್ಟಿರಬಹುದು, ನಾಜಲು ಕೆಟ್ಟಿರಬಹುದು. ಇದು ಕೈಗೆಟಕುವ ರಿಪೇರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ಲು ಉರಿಯುತ್ತಿದೆ, ಒಳಗಿನ ರಿಂಗುಗಳು ಸವೆದಿವೆ. ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ನೀರು ಹೋಗಬಾರದ ಕಡೆ ಹೋಗುತ್ತಿರಬಹುದು. ಆಯಿಲ್ಲಿನ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂಥ ನೊರೆ ಕಂಡರೆ ಆ ಸಂಶಯ ಬಲವಾಗುತ್ತದೆ. ಎಂಜಿನ್ನು ಓಡುತ್ತಿರುವಾಗ ಅದೇ ಮುಚ್ಚಳ ತೆಗೆದು ನೋಡಿದರೆ, ಅಲ್ಲಿಂದ ಬುಸುಬುಸು ಹೊಗೆ ಉಗುಳುವ ಎಂಜಿನ್ನು ಬೋರು ಮಾಡಿಸುವ ಖರ್ಚನ್ನು ಮುಂದಿಟ್ಟುಕೊಂಡೇ ಬಂದಿದೆಯೆಂದು ತಿಳಿಯಬಹುದು.

ಆದರೂ ಎಂಜಿನ್ನನ್ನು ಹಣ ಕೊಟ್ಟರೆ ಸರಿಪಡಿಸಬಹುದು. ಛಾಸಿಯ ಮಾತು ಹಾಗಲ್ಲ. ಅದು ಗಾಡಿಯ ಬೆನ್ನೆಲುಬು. ಅಡಿಯಲ್ಲಿ ಮಲಗಿ, ಟಾರ್ಚು ಹಿಡಿದು, ಸ್ಪ್ರಿಂಗುಗಳು ಕೂಡುವ ಕಡೆ ಬಿರುಕು, ವೆಲ್ಡಿಂಗಿನ ಗಾಯ, ತುಕ್ಕಿನ ತೂತು ಇವೆಯೇ ಎಂದು ನೋಡಬೇಕು. ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯಾದರೆ ಎರಡು ಸಲ ನೋಡಬೇಕು. ಉಪ್ಪುನೀರು ತಿಂದ ಕಬ್ಬಿಣದ ಮೇಲೆ ದಪ್ಪ ಕರಿಬಣ್ಣ ಬಳಿದುಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಸುತ್ತಿಗೆಯ ಮೆಲುಪೆಟ್ಟಿಗೆ ಮಾತ್ರ ಸದ್ದಿನಲ್ಲಿ ಗೊತ್ತಾಗುತ್ತದೆ. ಅಲ್ಲಿಯೇ ಕೊರೆದಿರುವ ಛಾಸಿ ನಂಬರು ಆರ್.ಸಿ. ಪುಸ್ತಕದಲ್ಲಿರುವ ನಂಬರಿನೊಡನೆ ಅಕ್ಷರಶಃ ಹೊಂದಬೇಕು.

ಪುಸ್ತಕದ ಮಾತು ಬಂದಿತಾದ್ದರಿಂದ ಇನ್ನೊಂದು ವಿಷಯ. ಹಳ್ಳಿಯ ಕಡೆ ‘ನಂಬಿಕೆಯ ಮೇಲೆ’ ವ್ಯಾಪಾರ ನಡೆಯುವುದುಂಟು. ಗಾಡಿ ಕೈಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಒಂದೇ ರಾಜ್ಯದೊಳಗಿನ ವ್ಯಾಪಾರವಾದರೆ ಮಾರಿದವನು ೧೪ ದಿನದೊಳಗೆ, ಕೊಂಡವನು ೩೦ ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಆತನೇ ಮಾಲೀಕ, ಅಪಘಾತದ ಹೊಣೆಯೂ ಆತನದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಮೈಮರೆತವನಿಗೆ ಪೆಟ್ಟು ಬೀಳುವುದು ಎರಡೂ ಕಡೆ. ಹಳೆಯ ಸಾಲದ ನಮೂದು ಪುಸ್ತಕದಲ್ಲಿ ಉಳಿದಿದ್ದರೆ, ಸಾಲ ಕೊಟ್ಟವರಿಂದ ತೀರುವಳಿ ಪತ್ರ ತಂದು ಅದನ್ನು ತೆಗೆಸದೆ ಪೂರ್ತಿ ಹಣ ಎಣಿಸಿ ಕೊಡಬಾರದು.

ಇನ್ನು ಗ್ಯಾರೇಜಿಗೆ ಬರೋಣ. ಹೊಸ ಯಜಮಾನನ ಮೊದಲ ರೂಪಾಯಿ ಹೋಗತಕ್ಕದ್ದು ಬ್ರೇಕಿಗೆ. ಓಡದ ಗಾಡಿ ಹೆಚ್ಚೆಂದರೆ ಬಾಡಿಗೆ ತಪ್ಪಿಸೀತು, ನಿಲ್ಲದ ಗಾಡಿ ಮನೆಯನ್ನೇ ತಪ್ಪಿಸೀತು. ಲೆಕ್ಕ ಸರಳವಾದುದು. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿರುವ ಗಾಡಿಯನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಒಂದು ಪಾಲಾದರೆ, ೬೦ರ ವೇಗದಲ್ಲಿ ಅದು ಒಂದೂವರೆ ಪಾಲಲ್ಲ, ಎರಡೂಕಾಲು ಪಾಲು. ಬೆನ್ನ ಮೇಲೆ ಹೊರೆ ಕೂಡಿದಂತೆ ಅದೂ ಕೂಡುತ್ತದೆ. ಈ ಶಕ್ತಿಯೆಲ್ಲ ಶಾಖವಾಗಿ ಡ್ರಮ್ಮಿನಲ್ಲಿ, ಲೈನಿಂಗಿನಲ್ಲಿ, ಅಲ್ಲಿಂದ ಬ್ರೇಕ್ ಆಯಿಲ್ಲಿಗೆ ಇಳಿಯುತ್ತದೆ.

ಬ್ರೇಕ್ ಆಯಿಲ್ಲಿಗೆ ಒಂದು ದುರ್ಗುಣವುಂಟು. ಅದು ಗಾಳಿಯಲ್ಲಿರುವ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಡಾಟ್-೩ ಎಂಬ ಸಾಮಾನ್ಯ ದರ್ಜೆಯ ಹೊಸ ಆಯಿಲ್ಲು ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೂ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಬಂದರೆ ಆ ಶಾಖ ಮುಟ್ಟುವುದು ಕಷ್ಟವಲ್ಲ. ಆಯಿಲ್ಲು ಕುದಿದು ಗುಳ್ಳೆಯೆದ್ದಿತೆಂದರೆ ಪೆಡಲು ಹತ್ತಿಯ ದಿಂಬನ್ನು ಒತ್ತಿದಂತೆ ತಳ ಮುಟ್ಟುತ್ತದೆ, ಗಾಡಿ ಮಾತ್ರ ತನ್ನ ಪಾಡಿಗೆ ಇಳಿಯುತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲ್ಲು, ಕೈಬದಲಾದ ಗಾಡಿಗಳಲ್ಲಿ ಎಷ್ಟೋ ಸಲ ಎಂಜಿನ್ನಿನಷ್ಟೇ ಹಳೆಯದಾಗಿರುತ್ತದೆ. ಎಂಜಿನ್ನಿನ ಆಯಿಲ್ಲನ್ನು ತಪ್ಪದೆ ಬದಲಿಸುವವರಿಗೂ ಇದರ ನೆನಪಿರುವುದಿಲ್ಲ.

ಎರಡನೆಯ ಗುಟ್ಟು ಬೆಲ್ಟಿನಲ್ಲಿದೆ. ಬ್ರೇಕಿನ ಪೆಡಲನ್ನು ಕಾಲಿಗೆ ಹಗುರವಾಗಿಸುವ ಬೂಸ್ಟರು ಎಂಬ ದುಂಡನೆಯ ಡಬ್ಬಿ ಕೆಲಸ ಮಾಡುವುದು ನಿರ್ವಾತದ ಬಲದಿಂದ. ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗಲೇ ಆ ನಿರ್ವಾತ ದೊರೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಹಾಗೆ ಸಿಕ್ಕದು, ಬೇರೊಂದು ಪಂಪು ಬೇಕು. ಹಳೆಯ ಪಿಕಪ್ಪುಗಳಲ್ಲಿ ಹಲವಕ್ಕೆ ಈ ಪಂಪನ್ನು ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರಿನ ಬೆನ್ನಿಗೇ ಕೂಡಿಸಿರುತ್ತಾರೆ. ಡೈನಮೋ ತಿರುಗುವುದು ಫ್ಯಾನ್ ಬೆಲ್ಟಿನಿಂದ. ಆದುದರಿಂದ ಒಂದು ಬೆಲ್ಟು ಹರಿದರೆ ಬ್ಯಾಟರಿಗೆ ಚಾರ್ಜು ನಿಂತಿತು, ರೇಡಿಯೇಟರಿನ ನೀರು ತಿರುಗುವುದು ನಿಂತಿತು, ಬ್ರೇಕಿನ ಬೆಂಬಲವೂ ನಿಂತಿತು. ಕೆಲವು ನೂರು ರೂಪಾಯಿಯ ಈ ರಬ್ಬರು ಪಟ್ಟಿಗೆ ಇಷ್ಟು ಅಧಿಕಾರ! ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅದು ಸುಮಾರು ಅರ್ಧ ಅಂಗುಲ ಬಗ್ಗಬೇಕು. ಒಳಮೈಯಲ್ಲಿ ಬಿರುಕು ಕಂಡರೆ ಅಂದೇ ಬದಲಿಸಬೇಕು. ಇನ್ನೊಂದು ಬೆಲ್ಟು ಸದಾ ಸೀಟಿನಡಿಯಲ್ಲಿರಬೇಕು.

ಬೂಸ್ಟರು ಸರಿಯಿದೆಯೇ ಎಂದು ತಿಳಿಯಲು ಯಾರ ಸಹಾಯವೂ ಬೇಡ. ಎಂಜಿನ್ನು ನಿಲ್ಲಿಸಿ ಬ್ರೇಕನ್ನು ಐದಾರು ಸಲ ಒತ್ತಿದರೆ ಪೆಡಲು ಕಲ್ಲಿನಂತಾಗುತ್ತದೆ. ಕಾಲು ತೆಗೆಯದೆ ಹಾಗೆಯೇ ಒತ್ತಿ ಹಿಡಿದು ಎಂಜಿನ್ನು ಚಾಲೂ ಮಾಡಬೇಕು. ಆಗ ಪೆಡಲು ತಾನಾಗಿ ಸ್ವಲ್ಪ ಕೆಳಗಿಳಿದರೆ ಎಲ್ಲವೂ ಸರಿ, ಇಳಿಯದಿದ್ದರೆ ಗಾಡಿಯನ್ನು ಹೊರಗೆ ತೆಗೆಯುವ ಮುನ್ನ ಮೇಸ್ತ್ರಿಯನ್ನು ಕರೆಯಬೇಕು.

ಈ ಪರೀಕ್ಷೆಯಲ್ಲಿಯೇ ಒಂದು ಅಪಾಯದ ತಿಳಿವಳಿಕೆಯೂ ಅಡಗಿದೆ. ಶಿರಾಡಿ, ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಡೀಸೆಲ್ಲು ಉಳಿಸುವ ಆಸೆಯಿಂದ ಗೇರು ತಪ್ಪಿಸಿ, ಎಂಜಿನ್ನನ್ನೂ ಆರಿಸಿ, ಗಾಡಿಯನ್ನು ಉರುಳಬಿಡುವ ಅಭ್ಯಾಸ ಕೆಲವರಲ್ಲಿದೆ. ಎಂಜಿನ್ನು ಆರಿದೊಡನೆ ಪಂಪು ನಿಂತಿತು. ಡಬ್ಬಿಯಲ್ಲಿ ಉಳಿದ ನಿರ್ವಾತ ಎರಡು ಮೂರು ಸಲದ ಒತ್ತಿಗೆ ಸಾಕು, ನಾಲ್ಕನೆಯ ತಿರುವಿನಲ್ಲಿ ಪೆಡಲು ಕಲ್ಲು. ಎಂಜಿನ್ನು ಓಡುತ್ತಿದ್ದು ಗೇರು ಮಾತ್ರ ತಪ್ಪಿಸಿದರೂ ಎಂಜಿನ್ನಿನ ಹಿಡಿತ ತಪ್ಪಿ ಹೊರೆಯೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಯಾವ ಗೇರಿನಲ್ಲಿ ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಲಾರಿ ಡ್ರೈವರುಗಳ ಶಾಸ್ತ್ರ. ಅದಕ್ಕೆ ತಿದ್ದುಪಡಿ ಇನ್ನೂ ಹುಟ್ಟಿಲ್ಲ.

ಬ್ರೇಕು ಸರಿಯಾದ ಮೇಲೆ ಮಾರ್ಪಾಡಿನ ಮಾತು. ಇಲ್ಲಿ ಮೊದಲು ಎದುರಾಗುವುದು ಹಿಂದಿನ ಸ್ಪ್ರಿಂಗು. ಯಾವ ಊರಿನ ಗ್ಯಾರೇಜಿನಲ್ಲಾದರೂ ಈ ಸಂವಾದ ಕೇಳಿಬಂದೀತು:

“ಮೇಸ್ತ್ರಿ, ಲೋಡು ಹಾಕಿದರೆ ಹಿಂದೆ ಕೂತುಬಿಡುತ್ತೆ. ಇನ್ನೆರಡು ಪಟ್ಟಿ ಸೇರಿಸಿಬಿಡಿ.”

“ಸೇರಿಸೋಣ ತಮ್ಮ. ಎಷ್ಟು ಲೋಡು ಹಾಕ್ತೀಯಾ?”

“ಎಲ್ಲರೂ ಹಾಕೋಷ್ಟೇ.”

ಎಲ್ಲರೂ ಹಾಕುವಷ್ಟು ಎಂಬ ಈ ಅಳತೆ ಯಾವ ಪುಸ್ತಕದಲ್ಲಿಯೂ ಇಲ್ಲ. ಪಟ್ಟಿ ಸೇರಿಸಿದರೆ ಗಾಡಿ ಕೂರುವುದಿಲ್ಲವೆಂಬುದು ನಿಜ. ಆದರೆ ಹೆಚ್ಚಿದುದು ಸ್ಪ್ರಿಂಗಿನ ಬಲವಷ್ಟೆ. ಆಕ್ಸಲ್ಲು ಅದೇ, ಬೇರಿಂಗು ಅದೇ, ಟೈರು ಅದೇ, ಬ್ರೇಕೂ ಅದೇ. ಕೂರುತ್ತಿದ್ದ ಗಾಡಿ ‘ಸಾಕು’ ಎಂದು ಹೇಳುತ್ತಿತ್ತು, ಈಗ ಅದರ ಬಾಯಿ ಕಟ್ಟಿದಂತಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ಕೇಡೊಂದುಂಟು. ಅನೇಕ ಪಿಕಪ್ಪುಗಳಲ್ಲಿ ಛಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಸಣ್ಣದೊಂದು ವಾಲ್ವು, ಅದಕ್ಕೊಂದು ಸಲಾಕೆ ಇರುತ್ತವೆ. ಖಾಲಿ ಗಾಡಿಯ ಹಿಂಭಾಗ ಹಗುರ. ಆಗ ಹಿಂದಿನ ಚಕ್ರಗಳಿಗೆ ಪೂರ್ತಿ ಬ್ರೇಕು ಕೊಟ್ಟರೆ ಅವು ಕಚ್ಚಿಕೊಂಡು ಗಾಡಿ ಅಡ್ಡ ತಿರುಗೀತು. ಆದುದರಿಂದ ಈ ವಾಲ್ವು ಖಾಲಿಯಿದ್ದಾಗ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ. ಹೊರೆ ಬಿದ್ದು ಛಾಸಿ ಕೆಳಗಿಳಿದಾಗ ಸಲಾಕೆ ಅದನ್ನು ತಿಳಿಸಿ, ವಾಲ್ವು ಹಿಂದಕ್ಕೆ ಹೆಚ್ಚು ಬಲ ಬಿಡುತ್ತದೆ. ಬಹಳ ಜಾಣತನದ ಏರ್ಪಾಡು. ಆದರೆ ಪಟ್ಟಿ ಸೇರಿಸಿದ ಗಾಡಿ ತುಂಬಿದ ಹೊರೆಯಲ್ಲಿಯೂ ಎತ್ತರವಾಗಿಯೇ ನಿಲ್ಲುತ್ತದೆ. ವಾಲ್ವು ಪಾಪ, ಗಾಡಿ ಖಾಲಿಯೆಂದು ತಿಳಿಯುತ್ತದೆ! ಹಿಂದಿನ ಬ್ರೇಕು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಅದನ್ನು ತಡೆದು ಹಿಡಿಯುತ್ತದೆ. ಭಾರವೆಲ್ಲ ಮುಂದಿನ ಚಕ್ರಗಳ ಪಾಲಾಗಿ, ಗಾಡಿ ನಿಲ್ಲಬೇಕಾದ ಕಡೆಗಿಂತ ಎಷ್ಟೋ ಮುಂದೆ ಹೋಗಿ ನಿಲ್ಲುತ್ತದೆ. “ಬ್ರೇಕು ಯಾಕೋ ಹಿಡಿಯುತ್ತಿಲ್ಲ” ಎಂದು ಮುಂದಿನ ಲೈನಿಂಗು, ಸಿಲಿಂಡರು ಎಲ್ಲ ಬದಲಿಸುವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಳೆಯ ಗಾಡಿಯಲ್ಲಿ ಈ ಸಲಾಕೆ ತುಕ್ಕು ಹಿಡಿದು ಬಿಗಿದಿರುವುದೂ ಉಂಟು, ಯಾರೋ ತಂತಿಯಿಂದ ಕಟ್ಟಿ ಬಿಟ್ಟಿರುವುದೂ ಉಂಟು. ಕೊಂಡ ಮೊದಲ ವಾರವೇ ನೋಡಿಸತಕ್ಕ ಭಾಗವಿದು.

ಸವೆದು ಚಪ್ಪಟೆಯಾದ ಪಟ್ಟಿಗಳನ್ನು ತೆಗೆದು, ಅದೇ ಮಾದರಿಯ, ಅಷ್ಟೇ ಸಂಖ್ಯೆಯ ಹೊಸ ಪಟ್ಟಿ ಹಾಕಿಸುವುದು ಬೇರೆ ಮಾತು. ಅದು ಮಾರ್ಪಾಡಲ್ಲ, ಚಿಕಿತ್ಸೆ. ಹಳೆಯ ಗಾಡಿಯ ಹುರುಪು ಮರಳಿ ಬರುವುದು ಸಾಮಾನ್ಯವಾಗಿ ಇಂಥ ಚಿಕಿತ್ಸೆಯಿಂದಲೇ. ಹೊಸ ಪಟ್ಟಿ, ಹೊಸ ಬುಷ್ಷು, ಹೊಸ ಶಾಕ್ ಅಬ್ಸಾರ್ಬರು ಕೂಡಿದ ದಿನ ಗಾಡಿ ಹತ್ತು ವರ್ಷ ಕಿರಿಯದಾಗಿ ಓಡುತ್ತದೆ.

ಟೈರಿನ ವಿಷಯ ಇದರ ತಮ್ಮ. ದೊಡ್ಡ ಟೈರು ಹಾಕಿದರೆ ಗಾಡಿ ಗಂಭೀರವಾಗಿ ಕಾಣುತ್ತದೆ. ಆದರೆ ಟೈರಿನ ಸುತ್ತಳತೆ ಶೇಕಡಾ ಹತ್ತು ಹೆಚ್ಚಿದರೆ ಮೀಟರು ೬೦ ತೋರಿಸುವಾಗ ಗಾಡಿ ೬೬ರಲ್ಲಿ ಓಡುತ್ತಿರುತ್ತದೆ, ಬ್ರೇಕಿಗೂ ಹೆಚ್ಚು ದುಡಿಮೆ. ಹಳೆಯ ಟೈರಿನ ವಯಸ್ಸನ್ನು ಅದರ ಪಕ್ಕೆಯೇ ಹೇಳುತ್ತದೆ. ಕೊನೆಯ ನಾಲ್ಕು ಅಂಕಿ ೨೩೧೯ ಎಂದಿದ್ದರೆ ಅದು ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ಹುಟ್ಟಿದುದು. ಗುಂಡಿ ಆಳವಾಗಿದೆಯೆಂದು ಮಾರುವವನು ತೋರಿಸುವ ಟೈರು, ನಿಂತಲ್ಲಿಯೇ ನಿಂತು ಪಕ್ಕೆ ಬಿರಿದ ಮುದಿ ಟೈರಾಗಿರಬಹುದು.

ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆ? ತಯಾರಕನು ಮೂಲತಃ ಸೂಚಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂಬುದು ಕಾಯಿದೆಯ ೫೨ನೆಯ ಕಲಮು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದಾಗಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ೫೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ವಿಧಿಸಬಹುದಾಗಿದೆ. ಮೂತಿಯ ಉಕ್ಕಿನ ಕಟಕಟೆಯ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರ ೨೦೧೭ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆಯಿತು. ಪಾದಚಾರಿಗೆ ಅದು ಮಾರಕ. ಡಿಕ್ಕಿಯ ಪೆಟ್ಟನ್ನು ತಾನು ನುಂಗದೆ ನೇರವಾಗಿ ಛಾಸಿಗೆ ದಾಟಿಸುವುದರಿಂದ ಒಳಗೆ ಕುಳಿತವನಿಗೂ ಅದು ಹಿತವಲ್ಲ. ಇಷ್ಟು ತಿಳಿದೂ ರಸ್ತೆಯಲ್ಲಿ ಅವು ಕಾಣುತ್ತಲೇ ಇವೆ.

ಇವೆಲ್ಲಕ್ಕಿಂತ ಗಂಭೀರವಾದ ಮಾರ್ಪಾಡೊಂದುಂಟು. ಅದಕ್ಕೆ ವೆಲ್ಡಿಂಗು ಬೇಡ, ಮೇಸ್ತ್ರಿ ಬೇಡ. ಹಿಂದಿನ ಬಾಡಿಯಲ್ಲಿ ಎರಡು ಹಲಗೆಯ ಬೆಂಚು, ಮೇಲೊಂದು ಟಾರ್ಪಾಲು, ಆಯಿತು! ಸರಕಿನ ಗಾಡಿ ಜನರ ಗಾಡಿಯಾಯಿತು. ಬೆಳಿಗ್ಗೆ ಕೂಲಿಯ ಹೆಂಗಸರು ತೋಟಕ್ಕೆ, ಭಾನುವಾರ ಮದುವೆಯ ದಿಬ್ಬಣ, ಹಬ್ಬಕ್ಕೆ ಬೆಟ್ಟದ ದೇವರು. “ಏನೂ ಆಗೋದಿಲ್ಲ ಬಾರಕ್ಕ, ನಿಧಾನಕ್ಕೆ ಹೋಗ್ತೀನಿ” ಎಂದು ಹುಡುಗ ಕೈಹಿಡಿದು ಹತ್ತಿಸುತ್ತಾನೆ. ಅವನಲ್ಲಿ ಕೆಟ್ಟ ಬುದ್ಧಿಯೇನೂ ಇಲ್ಲ. ಊರಿನ ಉಪಕಾರವೆಂದೇ ಅವನ ಭಾವನೆ. ಬಸ್ಸಿಲ್ಲದ ಹಳ್ಳಿಯಲ್ಲಿ ಅದು ಉಪಕಾರವೂ ಹೌದು.

ಆದರೆ ಚೀಲಗಳು ಕಟ್ಟಿದ ಕಡೆ ಇರುತ್ತವೆ, ಮನುಷ್ಯರು ಇರುವುದಿಲ್ಲ. ನಿಂತವರ, ಅಂಚಿನ ಮೇಲೆ ಕುಳಿತವರ ಭಾರ ಮೇಲ್ಗಡೆ ಇರುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಗಾಡಿ ಮಗುಚುವುದಕ್ಕೆ ಇದಕ್ಕಿಂತ ಅನುಕೂಲವಾದ ಸನ್ನಿವೇಶವಿಲ್ಲ. ಮಗುಚಿದಾಗ ಹಿಡಿದು ಉಳಿಸಲು ಬೆಲ್ಟಿಲ್ಲ, ಗೋಡೆಯಿಲ್ಲ, ಮಾಡಿಲ್ಲ. ಮದುವೆಗೆ ಹೊರಟ ಪಿಕಪ್ಪು ಹಳ್ಳಕ್ಕೆ ಬಿದ್ದಿತೆಂಬ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ.

ಆ ಮೇಲಿನ ಕತೆ ಕೋರ್ಟಿನಲ್ಲಿ. ಸರಕಿನ ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರಿಗೆ, ಅವರು ಬಾಡಿಗೆ ಕೊಟ್ಟಿದ್ದರೂ ಕೊಡದಿದ್ದರೂ, ವಿಮಾ ಕಂಪನಿ ಹೊಣೆಯಲ್ಲವೆಂಬ ತತ್ವವನ್ನು ಸುಪ್ರೀಂ ಕೋರ್ಟು ೨೦೦೨ರಲ್ಲಿ ನಿರ್ಣಯಿಸಿತು. ತನ್ನ ಸರಕಿನೊಡನೆ ಹೋಗುವ ಮಾಲೀಕನ ಮಾತು ಬೇರೆ, ಗಾಡಿಯ ಸಂಬಳದ ಕೆಲಸಗಾರನ ಮಾತು ಬೇರೆ. ಕೂಲಿಗೆಂದು ಬೆನ್ನೇರಿದ ಹನ್ನೆರಡು ಮಂದಿಯ ಪರಿಹಾರ ಮಾಲೀಕನ ಮನೆ, ಹೊಲ, ತಾಯಿಯ ಬಳೆಗಳಿಂದಲೇ ಹುಟ್ಟಬೇಕು. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ತೆತ್ತು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಹೇಳುವುದುಂಟು. ಸತ್ತವರ ಮನೆಗೆ ಅದರಿಂದ ಆಸರೆ, ಮಾಲೀಕನಿಗಲ್ಲ. ಸತ್ತವರು ಅದೇ ಊರಿನವರು, ಅವರ ಮಕ್ಕಳು ಅವನ ಮನೆಯ ಮುಂದೆಯೇ ಶಾಲೆಗೆ ಹೋಗುವವರು.

ಡ್ರೈವರನ ವಿಷಯವೂ ಒಂದಿಷ್ಟು. ಸರಕಿನ ವಾಹನ ನಡೆಸಲು ೨೦ ವರ್ಷ ತುಂಬಿರಬೇಕು. ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಹಳದಿ ಫಲಕದ ಪಿಕಪ್ಪನ್ನು ಓಡಿಸಬಹುದೇ ಎಂಬ ಜಗಳ ವರ್ಷಗಟ್ಟಲೆ ನಡೆದು, ೨೦೨೪ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ೭೫೦೦ ಕಿಲೋಗ್ರಾಂ ಒಳಗಿನ ವಾಹನಕ್ಕೆ ಅದೇ ಲೈಸೆನ್ಸು ಸಾಕೆಂದು ತೀರ್ಪಿತ್ತಿತು. ಬಡ ಮಾಲೀಕರಿಗೆ ಇದೊಂದು ದೊಡ್ಡ ನಿರಾಳ. ಹೊರೆ ಸೇರಿ ಒಟ್ಟು ತೂಕ ೩೦೦೦ ಕಿಲೋಗ್ರಾಂ ಮೀರದ ಸರಕಿನ ಗಾಡಿಗೆ ಪರ್ಮಿಟ್ಟೂ ಬೇಡ.

ಹಾಗಾದರೆ ಹುಡುಗ ತನ್ನ ಗಾಡಿಗೆ ಏನನ್ನೂ ಮಾಡಿಸಬಾರದೇ? ಮಾಡಿಸಲಿ, ಬೇಕಾದಷ್ಟಿದೆ. ಹರಿದ ಸೀಟನ್ನು ತೆಗೆದು ಬೆನ್ನಿಗೆ ಒದಗುವ ಗಟ್ಟಿ ಸೀಟು ಮಾಡಿಸಲಿ. ಕೊಳೆತ ಸೀಟ್ ಬೆಲ್ಟಿಗೆ ಹೊಸದು ಹಾಕಿಸಲಿ. ಬಾಡಿಯ ನೆಲಕ್ಕೆ ರಬ್ಬರು ಹಾಸು, ಪಕ್ಕೆಗಳಿಗೆ ಹಗ್ಗ ಕಟ್ಟುವ ಕೊಂಡಿ, ಬೆನ್ನಿಗೆ ಕಾನೂನೇ ಕೇಳುವ ಹೊಳೆಯುವ ಪಟ್ಟಿ, ಇವೆಲ್ಲ ಮೊದಲ ತಿಂಗಳೇ ಆಗಲಿ. ರಾತ್ರಿ ರಸ್ತೆಯ ಬದಿ ಕೆಟ್ಟು ನಿಂತ ಗಾಡಿಗೆ ಹಿಂದಿನಿಂದ ಬಂದು ಗುದ್ದುವವರನ್ನು ತಪ್ಪಿಸುವುದು ಆ ಹೊಳೆಯುವ ಪಟ್ಟಿಯೇ ಹೊರತು ತಲೆಯ ಮೇಲಿನ ನಾಲ್ಕು ದೀಪವಲ್ಲ. ಹಳದಿಗಟ್ಟಿದ ಹೆಡ್‌ಲೈಟಿನ ಗಾಜು ಬದಲಿಸಿ, ತುಕ್ಕು ಹಿಡಿದ ಅರ್ತಿನ ತಂತಿಯನ್ನು ಉಜ್ಜಿ ಬಿಗಿದರೆ ಹಳೆಯ ಬಲ್ಬೇ ಹೊಸ ಬೆಳಕು ಕೊಟ್ಟೀತು. ಹೆಚ್ಚಿನ ದೀಪವೋ ಹಾರನ್ನೋ ಸೇರಿಸಲೇಬೇಕಾದರೆ ನಿಯಮ ಒಪ್ಪುವಷ್ಟೇ ಇರಲಿ, ಅದಕ್ಕೆ ಬೇರೆ ಫ್ಯೂಸು, ರಿಲೇ ಇರಲಿ. ಬ್ಯಾಟರಿಯಿಂದ ನೇರವಾಗಿ ಎಳೆದ ಬೋಳು ತಂತಿ ಛಾಸಿಯ ಅಂಚಿಗೆ ಉಜ್ಜಿ ಉಜ್ಜಿ, ಒಂದು ದಿನ ಹುಲ್ಲು ಹೊತ್ತ ಗಾಡಿಗೆ ಬೆಂಕಿಯಿಡುತ್ತದೆ. ಬಣ್ಣ ಬದಲಿಸಿದರೆ ಪುಸ್ತಕದಲ್ಲಿ ನಮೂದಾಗಬೇಕು.

ಇನ್ನು ದಿನನಿತ್ಯದ ಆರೈಕೆ. ಅದರಲ್ಲಿ ವಿದ್ಯೆಗಿಂತ ನೇಮ ಮುಖ್ಯ. ಬೆಳಿಗ್ಗೆ ಚಾಲೂ ಮಾಡುವ ಮುನ್ನ ಆಯಿಲ್ಲು, ನೀರು, ಬೆಲ್ಟು, ಟೈರು ನೋಡಲು ಐದು ನಿಮಿಷ ಸಾಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು, ಮುಖ ಬೆಂದವರು ಅನೇಕರಿದ್ದಾರೆ. ಸ್ಪ್ರಿಂಗಿನ ಪಿನ್ನು, ಪ್ರೊಪೆಲರ್ ಶಾಫ್ಟಿನ ಕ್ರಾಸು, ಸ್ಟಿಯರಿಂಗಿನ ಕೀಲು ಮುಂತಾದ ಕಡೆ ಸಣ್ಣ ನಿಪ್ಪಲ್ಲುಗಳಿರುವ ಗಾಡಿಯಾದರೆ ಹಳೆಯ ಗ್ರೀಸು ಹೊರಬರುವ ತನಕ ಹೊಸದನ್ನು ಒತ್ತಬೇಕು. ಮಳೆಗಾಲದಲ್ಲಿ ಕೆಸರು ಹಾಯ್ದ ಗಾಡಿಗೆ ಇದನ್ನು ಬೇಗಬೇಗನೆ ಮಾಡಬೇಕು. ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಆಕ್ಸಲ್ಲಿನ ಸೀಲು ಸೋರಿ ಲೈನಿಂಗನ್ನು ನೆನೆಸುತ್ತಿದೆ. ಎಣ್ಣೆ ಕುಡಿದ ಲೈನಿಂಗು ತೊಳೆದರೂ ಶುದ್ಧವಾಗದು, ಬದಲಿಸಿಯೇ ತೀರಬೇಕು.

ಡೀಸೆಲ್ಲಿನ ಫಿಲ್ಟರು ತಳದಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಗಾಳಿಯ ತೇವ ಹನಿಗಟ್ಟಿ ಸೇರುವ ನೀರದು. ಕೆಳಗಿನ ತಿರುಪನ್ನು ಸಡಿಲಿಸಿ, ಶುದ್ಧ ಡೀಸೆಲ್ಲು ಬರುವ ತನಕ ಅದನ್ನು ಹರಿಯಬಿಡಬೇಕು. ನೀರು ಪಂಪನ್ನು ಹೊಕ್ಕರೆ ಆಗುವ ವೆಚ್ಚದಲ್ಲಿ ಎರಡು ಟೈರು ಕೊಳ್ಳಬಹುದು.

ಹೊಸ ಯಜಮಾನನ ಮೊದಲ ಪರೀಕ್ಷೆ ಬಹಳ ಸಲ ನಡೆಯುವುದು ಡೀಸೆಲ್ಲು ಮುಗಿದು ಗಾಡಿ ನಿಂತಾಗ. ಕ್ಯಾನಿನಲ್ಲಿ ಡೀಸೆಲ್ಲು ತಂದು ಸುರಿದರೂ ಹಳೆಯ ಎಂಜಿನ್ನು ಏಳದು, ಕೊಳವೆಯಲ್ಲಿ ಗಾಳಿ ಕುಳಿತಿರುತ್ತದೆ. ಸೆಲ್ಫು ಹೊಡೆದು ಹೊಡೆದು ಬ್ಯಾಟರಿಯನ್ನೂ ಕಳೆದುಕೊಳ್ಳುವವರೇ ಹೆಚ್ಚು. ಮಾಡಬೇಕಾದುದು ಇಷ್ಟೆ: ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ನೊರೆಯಿಲ್ಲದ ಡೀಸೆಲ್ಲು. ಆಗ ತಿರುಪನ್ನು ಬಿಗಿಯಬೇಕು. ಅಷ್ಟಕ್ಕೂ ಏಳದಿದ್ದರೆ ನಾಜಲಿಗೆ ಹೋಗುವ ಕೊಳವೆಗಳ ನಟ್ಟನ್ನು ಸ್ವಲ್ಪ ಸಡಿಲಿಸಿ ಸೆ‌ಲ್ಫು ಹೊಡೆಯಬೇಕು. ಅಲ್ಲಿ ಚಿಮ್ಮುವ ಡೀಸೆಲ್ಲಿನ ಒತ್ತಡ ಚರ್ಮವನ್ನೇ ತೂರಬಲ್ಲುದಾದ್ದರಿಂದ ಕೈಯನ್ನು ದೂರವಿಡಬೇಕು. ಒಂದು ಸ್ಪಾನರು, ಹತ್ತು ನಿಮಿಷ ಇದ್ದರಾಯಿತು. ಇದನ್ನು ಒಮ್ಮೆ ತನ್ನ ಕೈಯಿಂದ ಮಾಡಿದವನು ಕತ್ತಲ ರಸ್ತೆಯಲ್ಲಿ ಮೆಕ್ಯಾನಿಕ್ಕನಿಗಾಗಿ ಕಾಯುತ್ತ ಕೂರುವುದಿಲ್ಲ.

ಮಾಡಿದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವುದು ಬಹಳ ಉಪಯೋಗದ ಅಭ್ಯಾಸ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಆಯಿಲ್ಲು ಬದಲಾಯಿತು, ಯಾವಾಗ ಬೆಲ್ಟು ಹಾಕಿಸಿದುದು, ಎಷ್ಟು ಡೀಸೆಲ್ಲಿಗೆ ಎಷ್ಟು ದೂರ ಓಡಿತು. ಓಟ ಕಡಿಮೆಯಾಗುತ್ತ ಬಂದರೆ ರೋಗವು ಶಬ್ದ ಮಾಡುವ ಮುನ್ನವೇ ಈ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎಂಟು ವರ್ಷ ಮೀರಿದ ಸರಕಿನ ವಾಹನ ವರ್ಷ ವರ್ಷವೂ ಎಫ್.ಸಿ.ಗೆ ಹೋಗಬೇಕು. ಹಲವರಿಗೆ ಆ ವಾರವೆಂದರೆ ಜ್ವರ. ಬಾಡಿಗೆ ನಿಲ್ಲಿಸಿ, ತಾತ್ಕಾಲಿಕವಾಗಿ ಬೇರೆಯವರ ಟೈರು ತಂದು ಹಾಕಿ, ಸೇರಿಸಿದ ಪಟ್ಟಿಯನ್ನು ಬಿಚ್ಚಿಟ್ಟು, ಪರೀಕ್ಷೆ ಮುಗಿದ ಮರುದಿನ ಎಲ್ಲವನ್ನೂ ಮತ್ತೆ ಕೂಡಿಸುವರು. ಪುಸ್ತಕವಿಟ್ಟುಕೊಂಡ ಹುಡುಗ ಹಿಂದಿನ ದಿನ ಗಾಡಿ ತೊಳೆಸಿ, ದೀಪಗಳನ್ನು ಒಮ್ಮೆ ಉರಿಸಿ ನೋಡಿ, ಬೆಳಿಗ್ಗೆ ಎಂಟಕ್ಕೆ ಹೊರಟುಬಿಡುತ್ತಾನೆ. ಬೇಗ ಮುಗಿದರೆ ಮಧ್ಯಾಹ್ನದ ಮಂಡಿಗೆ ಒಂದು ಲೋಡು ಹಾಕಲು ಹೊತ್ತಿರುತ್ತದೆ.